ಕಾಯುವಾಗ ಜೊತೆಗಿರುವವನು

ಡಿಸೆಂಬರ್ ಬಂತೆಂದರೆ ಕರಾವಳಿಯ ಅನೇಕ ಕ್ರೈಸ್ತ ಮನೆಗಳಲ್ಲಿ ಮಕ್ಕಳಿಗೆ ಒಂದು ಕೆಲಸ ಹೆಚ್ಚಾಗುತ್ತದೆ. ತೆಂಗಿನ ಗರಟೆಗೋ ಹಳೆಯ ಡಬ್ಬಿಗೋ ಮಣ್ಣು ತುಂಬಿ, ಒಂದು ಹಿಡಿ ರಾಗಿಯನ್ನೋ ಭತ್ತವನ್ನೋ ಚೆಲ್ಲಿ, ದಿನವೂ ನೀರು ಚಿಮುಕಿಸಬೇಕು. ಕ್ರಿಸ್‌ಮಸ್ ಹೊತ್ತಿಗೆ ಅದು ಹಸಿರಾಗಿ ಎದ್ದು ನಿಂತಿರಬೇಕು. ಗೋದಲಿಯಲ್ಲಿ ಮಣ್ಣಿನ ಕುರಿಗಳು ಮೇಯುವ ಹುಲ್ಲುಗಾವಲು ಅದೇ!

ಎರಡನೆಯ ದಿನವೇ ಮಣ್ಣು ಕೆದಕಿ ನೋಡುವ ಪುಟಾಣಿಗಳಿಗೇನೂ ಕಡಿಮೆಯಿಲ್ಲ. ಕೆದಕಿದರೆ ಕಾಳು ಮೊಳೆಯುವುದಿಲ್ಲ ಎಂದು ಅಜ್ಜಿ ಗದರುತ್ತಾಳೆ. ಬಿತ್ತುವುದು ಸುಲಭ, ಕಾಯುವುದು ಕಷ್ಟ ಎಂಬ ಪಾಠ ಮಕ್ಕಳಿಗೆ ಸಿಗುವುದು ಹೀಗೆ. ‘ಆಗಮನ ಕಾಲ’ ಕಲಿಸುವುದೂ ಇದನ್ನೇ.

ಕಾಯುವುದರಿಂದ ತೊಡಗುವ ವರ್ಷ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಯೇ ಆಗಮನ ಕಾಲ. ಇಂಗ್ಲಿಷಿನ ಅಡ್ವೆಂಟ್ ಎಂಬ ಮಾತು ‘ಬರುವಿಕೆ’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಕೆಥೊಲಿಕರ ಪೂಜಾ ವರ್ಷ ಆರಂಭವಾಗುವುದೇ ಇದರ ಮೊದಲ ಭಾನುವಾರದಂದು. ಹೊಸ ವರ್ಷವೆಂದರೆ ಸದ್ದು, ಸಂಭ್ರಮ ಎಂದುಕೊಂಡವರಿಗೆ ಇದು ವಿಚಿತ್ರವೆನಿಸಬಹುದು. ಇಲ್ಲಿ ವರ್ಷ ತೊಡಗುವುದು ಮೌನವಾಗಿ ಕಾಯುವುದರಿಂದ. ಪಾದ್ರಿಗಳು ನೇರಳೆ ಬಣ್ಣದ ಪೂಜಾ ವಸ್ತ್ರ ತೊಡುತ್ತಾರೆ. ದೇವದೂತರು ಹಾಡಿದರೆನ್ನುವ ಮಹಿಮೆಯ ಗೀತೆಯನ್ನು ಈ ಭಾನುವಾರಗಳಲ್ಲಿ ಹಾಡುವುದಿಲ್ಲ. ಅದು ಕ್ರಿಸ್‌ಮಸ್ ಇರುಳಿಗೆ ಮೀಸಲು.

ಇಗರ್ಜಿಗಳಲ್ಲಿ ವಾರಕ್ಕೊಂದರಂತೆ ಹಚ್ಚುವ ನಾಲ್ಕು ಮೇಣದ ಬತ್ತಿಗಳ ಹಸಿರು ಬಳೆಯ ಹಿಂದೆಯೂ ಮಕ್ಕಳ ಕಥೆಯೊಂದಿದೆ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಶ್ ವಿಖರ್ನ್ ಎಂಬ ಧರ್ಮಬೋಧಕರು ಬಡ ಮಕ್ಕಳಿಗಾಗಿ ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್ ಯಾವಾಗ, ಯಾವಾಗ ಎಂದು ಮಕ್ಕಳು ದಿನವೂ ಕೇಳತೊಡಗಿದರು. ವಿಖರ್ನ್ ಅವರು ಗಾಡಿಚಕ್ರವೊಂದರ ಮೇಲೆ ಭಾನುವಾರಗಳಿಗೆ ದೊಡ್ಡ ಬತ್ತಿ, ಉಳಿದ ದಿನಗಳಿಗೆ ಚಿಕ್ಕ ಬತ್ತಿಗಳನ್ನಿಟ್ಟು ದಿನಕ್ಕೊಂದನ್ನು ಹಚ್ಚಿಸಿದರು. ಕಾಯುವ ಕಾಲ ಕಡಿಮೆಯಾಗಲಿಲ್ಲ. ಆದರೆ ಪ್ರತಿ ಸಂಜೆಯೂ ಒಂದಿಷ್ಟು ಹೆಚ್ಚು ಬೆಳಕಾಯಿತು. ಈಗ ಉಳಿದಿರುವ ನಾಲ್ಕು ಬತ್ತಿಗಳಲ್ಲಿ ಎರಡನೆಯದನ್ನು ಹಲವೆಡೆ ಶಾಂತಿಯ ದೀಪ ಎನ್ನುವುದುಂಟು.

ಬಾರದ ದೋಣಿ

ಕುಮಟಾದಿಂದ ಹೊನ್ನಾವರಕ್ಕೆ ಸುಮಾರು 20 ಕಿಲೋಮೀಟರ್. ಈ ಎರಡು ಊರುಗಳಿಗೂ ಹತ್ತಿರದ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಜೇವಿಯರರ ಇಗರ್ಜಿ ಇದೆ. ಈ ಭಾಗದ ಕ್ರೈಸ್ತ ಬದುಕಿಗೆ ಹಳೆಯ ಇತಿಹಾಸವೇ ಉಂಟು. 1678ರಲ್ಲಿ ಕೆಳದಿ ರಾಜ್ಯ ಪೋರ್ಚುಗೀಸರೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ್, ಹೊನ್ನಾವರ, ಚಂದಾವರ, ಭಟ್ಕಳಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಅನುಮತಿ ಇತ್ತು. ಇಂದು ಡಿಸೆಂಬರ್ 3ರ ಜೇವಿಯರ್ ಹಬ್ಬಕ್ಕೆ ಚಂದಾವರದಲ್ಲಿ ಕ್ರೈಸ್ತರಷ್ಟೇ ಅಲ್ಲ, ಇತರ ಮತದವರೂ ಬಂದು ಮೇಣದ ಬತ್ತಿ ಹಚ್ಚುತ್ತಾರೆ.

ಆ ದಿನ ಯಾವ ವರ್ಷವೂ ಆಗಮನ ಕಾಲದ ಒಳಗೇ ಬೀಳುತ್ತದೆ. ಆ ಸಂತರ ಕೊನೆಯ ದಿನಗಳೂ ಕಾಯುವುದರಲ್ಲೇ ಕಳೆದವು. ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೇ ಪಾಠ ಹೇಳಿ, 1542ರಲ್ಲಿ ಗೋವೆಗೆ ಬಂದಿಳಿದವರು ಅವರು. ಹತ್ತು ವರ್ಷಗಳ ನಂತರ ಚೀನಾಕ್ಕೆ ಹೋಗುವ ಹಂಬಲದಿಂದ ಅದರ ತೀರದ ಶಾಂಗ್‌ಚುವಾನ್ ದ್ವೀಪ ಮುಟ್ಟಿದರು. ದಡ ದಾಟಿಸುತ್ತೇನೆಂದು ವ್ಯಾಪಾರಿಯೊಬ್ಬ ಮಾತು ಕೊಟ್ಟಿದ್ದ. ಆ ದೋಣಿ ಬರಲೇ ಇಲ್ಲ. ಜ್ವರ ಬಂತು. 1552ರ ಡಿಸೆಂಬರ್ 3ರಂದು, 46ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆಗ ಪಕ್ಕದಲ್ಲಿದ್ದವನು ಅಂತೋನಿ ಎಂಬ ಚೀನೀ ಯುವಕ.

ಹಾಗಾದರೆ ಅವರ ಕಾಯುವಿಕೆ ವ್ಯರ್ಥವಾಯಿತೆ? ಕಾದದ್ದು ಕೈಗೆ ಬರುವುದೇ ಶಾಂತಿ ಎನ್ನುವುದಾದರೆ ಹೌದೆನ್ನಬೇಕಾಗುತ್ತದೆ. ಆದರೆ ಆಗಮನ ಕಾಲ ಹೇಳುವುದು ಬೇರೆ. ಈ ದಿನಗಳಲ್ಲಿ ಕ್ರೈಸ್ತರು ಕರೆಯುವ ಹೆಸರು ‘ಇಮ್ಮಾನುವೇಲ’. ದೇವರು ನಮ್ಮೊಂದಿಗಿದ್ದಾನೆ ಎಂದು ಅದರ ಅರ್ಥ. ಕೇಳಿದ್ದನ್ನೆಲ್ಲ ಕೊಡುತ್ತಾನೆ ಎಂಬ ಭರವಸೆ ಆ ಹೆಸರಿನಲ್ಲಿಲ್ಲ. ಕೊಡುವ ಮುನ್ನವೂ, ಕೊಡದಿದ್ದಾಗಲೂ ಜೊತೆಗಿರುತ್ತಾನೆ ಎಂಬುದಷ್ಟೇ ಇದೆ.

ಕಡಲೂರಿನ ನೋವು

ಕಾಯುವುದು ಏನೆಂದು ಕಡಲ ದಂಡೆಯವರಿಗೆ ಬೇರೆ ಹೇಳಿಕೊಡಬೇಕಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅವರಲ್ಲಿ ಐವರು ಉತ್ತರ ಕನ್ನಡದವರು. ಆ ಮನೆಗಳವರು ತಿಂಗಳುಗಟ್ಟಲೆ ಕಾದರು. ಕೊನೆಗೆ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಕಡಲಿನ ಆಳದಲ್ಲಿ ಬೋಟಿನ ಅವಶೇಷವನ್ನು ನೌಕಾಪಡೆ ಪತ್ತೆ ಮಾಡಿತು.

ಇಂಥ ಮನೆಗೆ ಹೋಗಿ ‘ಎಲ್ಲ ಸರಿಹೋಗುತ್ತದೆ’ ಎನ್ನುವ ಮಾತಿಗೆ ಬೆಲೆಯಿಲ್ಲ. ಜಗಲಿಯಲ್ಲಿ ಮಾತಿಲ್ಲದೆ ಪಕ್ಕದಲ್ಲಿ ಕೂತವರ ಇರವಿಗೆ ಬೆಲೆಯುಂಟು. ದೇವರ ಸಾನ್ನಿಧ್ಯ ಎಂದು ಹಿರಿಯರು ಹೇಳಿದ್ದು ಮನುಷ್ಯರಿಗೆ ಎಷ್ಟೋ ಸಲ ಅರಿವಾಗುವುದು ಹೀಗೆ ಪಕ್ಕದಲ್ಲಿ ಕೂತವರ ಮೂಲಕವೇ. ಇದಕ್ಕೆ ಜಾತಿ ಮತಗಳ ಗೆರೆಯಿಲ್ಲ. ಭಟ್ಕಳದ ಎಷ್ಟೋ ಮನೆಗಳಲ್ಲಿ ತಂದೆ ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದರೆ, ತಾಯಿ ಮಕ್ಕಳು ಫೋನಿಗಾಗಿ ಕಾಯುತ್ತಾರೆ. ಕ್ರಿಸ್‌ಮಸ್ ರಜೆಗೆ ಮುಂಬಯಿಯಿಂದ ಬರುವವರಿಗಾಗಿ ಕೊಂಕಣ ರೈಲ್ವೆಯ ನಿಲ್ದಾಣಗಳಲ್ಲಿ ಕಣ್ಣುಗಳು ಹಳಿಯುದ್ದಕ್ಕೂ ನೆಟ್ಟಿರುತ್ತವೆ.

ಪರೀಕ್ಷೆಯ ಮುಂದೆ

ವಿದ್ಯಾರ್ಥಿಗಳ ಪಾಲಿಗೂ ಡಿಸೆಂಬರ್ ಕಾಯುವ ತಿಂಗಳೇ. ವಾರ್ಷಿಕ ಪರೀಕ್ಷೆಗೆ ಮೂರ್ನಾಲ್ಕು ತಿಂಗಳು ಉಳಿದಿರುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಯಲ್ಲಂತೂ ಊಟದ ಹೊತ್ತಿನಲ್ಲೂ ಅಂಕಗಳದೇ ಮಾತು. ‘ಎಷ್ಟಾಯಿತು? ಇನ್ನೆಷ್ಟು ಪಾಠ ಉಳಿಯಿತು?’ ಎಂದು ಪಾಲಕರು ಕೇಳುತ್ತಲೇ ಇರುತ್ತಾರೆ. ಕೇಳುವುದು ಪ್ರೀತಿಯಿಂದಲೇ. ಆದರೆ ಮೊಳಕೆ ಬಂತೇ ಎಂದು ಮಣ್ಣು ಕೆದಕುವ ಪುಟಾಣಿಗೂ ಈ ಪಾಲಕರಿಗೂ ವ್ಯತ್ಯಾಸವೇನು?

ಆಗಮನ ಕಾಲದ ಕ್ರಮವೊಂದನ್ನು ಯಾವ ಮತದ ಮನೆಯೂ ಅನುಸರಿಸಬಹುದು. ಸಂಜೆ ಹದಿನೈದು ನಿಮಿಷ ಟಿ.ವಿ. ಮತ್ತು ಮೊಬೈಲು ಬಂದ್ ಮಾಡಿ, ಒಂದು ದೀಪ ಹಚ್ಚಿ ಎಲ್ಲರೂ ಕೂರುವುದು. ಪ್ರಾರ್ಥನೆ ಬಲ್ಲವರು ಪ್ರಾರ್ಥಿಸಲಿ, ಬಾರದವರು ಸುಮ್ಮನಿರಲಿ. ಆ ಹೊತ್ತಿನಲ್ಲಿ ಅಂಕಗಳ ಮಾತು ಬೇಡ. ಮಗ ತಾನಾಗಿ ತನ್ನ ಹೆದರಿಕೆ ಹೇಳಿಕೊಂಡರೆ ತಂದೆ ಉಪದೇಶ ಮಾಡದೆ ಕೇಳಿಸಿಕೊಳ್ಳಲಿ. ಓದು ಓದಿಯೇ ಆಗಬೇಕು. ದೀಪದ ಮುಂದೆ ಕೂತರೆ ಗಣಿತ ಬರುವುದಿಲ್ಲ. ಆದರೆ ಫಲಿತಾಂಶ ಹೇಗೇ ಬರಲಿ, ಮನೆಯಲ್ಲಿ ತನ್ನ ಜಾಗ ತನಗಿದೆ ಎಂದು ತಿಳಿದ ಮಗು ಹೆದರದೆ ಓದುತ್ತದೆ.

ಯಾವುದಕ್ಕೂ ಚಿಂತಿಸಬೇಡಿ, ದೇವರ ಶಾಂತಿ ನಿಮ್ಮನ್ನು ಕಾಯುತ್ತದೆ ಎಂಬ ಅರ್ಥದ ಮಾತನ್ನು ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದದ್ದು ಸೆರೆಯಲ್ಲಿದ್ದಾಗ. ಅವರ ಬೇಡಿ ಇನ್ನೂ ಕಳಚಿರಲಿಲ್ಲ. ಶಾಂತಿ ಬಿಡುಗಡೆಯ ಮುಂಚೆಯೇ ಬಂದಿತ್ತು.

ಡಿಸೆಂಬರ್ 24ರ ರಾತ್ರಿ ಗರಟೆಗಳು ಗೋದಲಿ ಸೇರುತ್ತವೆ. ಕೆಲವು ದಟ್ಟ ಹಸಿರಾಗಿರುತ್ತವೆ, ಕೆಲವು ಬೋಳು ಬೋಳು. ಗೋದಲಿ ಕಟ್ಟುವ ಹಿರಿಯರು ಚೆನ್ನಾಗಿ ಬಂದದ್ದನ್ನು ಮುಂದಿಟ್ಟು, ಬಾರದ್ದನ್ನು ಎಸೆದುಬಿಡುವುದಿಲ್ಲ. ಅದಕ್ಕೂ ಒಂದು ಮೂಲೆ ಇರುತ್ತದೆ, ಆ ಮಗು ನೋಡಿ ಗುರುತಿಸುವ ಹಾಗೆ.