ಬಾಯಿ ಬಿಟ್ಟ ಬೂಟು, ಜೋಪಾನದ ಬಿಲ್ಲು

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಒಂದು ಅಂಗಡಿಯಲ್ಲಿ ಕೊಂಡ ಬೂಟು ಹದಿನೆಂಟನೇ ದಿನಕ್ಕೆ ಬಾಯಿ ಬಿಟ್ಟಿತು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಚಿಗರಿ ಬಸ್ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಎಡಗಾಲಿನ ಸೋಲ್ ಪಟಪಟ ನೆಲಕ್ಕೆ ಬಡಿಯುತ್ತಿತ್ತು. ಮೂಲೆಯಲ್ಲಿ ಚಪ್ಪಲಿ ಹೊಲಿಯುತ್ತ ಕೂತಿದ್ದವರು ಸೀಳಿನೊಳಗೆ ಹೆಬ್ಬೆರಳು ತೂರಿಸಿ ನೋಡಿ, ‘ಇದಕ್ಕ ಹೊಲಿಗಿನ ಇಲ್ರೀ, ಬರೇ ಅಂಟಿನ ಮ್ಯಾಲ ನಿಂತೈತಿ. ಹೊಲ್ದು ಕೊಡ್ಲೇನ್ರಿ?’ ಅಂದರು. ಬೇಡ ಅಂದೆ. ಒಮ್ಮೆ ಹೊಲಿಸಿದರೆ ದೋಷ ಕಾರ್ಖಾನೆಯದೋ ಹೊಲಿಗೆಯದೋ ಎಂಬ ತಕರಾರಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಫೋಟೊ ತೆಗೆದು, ತೊಳೆಯದೆ ಹಾಗೇ ಡಬ್ಬಿಯಲ್ಲಿಟ್ಟೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಮಾತು ಎರಡು. ಒಂದು, ‘ಮಾರಿದ ಮಾಲು ವಾಪಸ್ ತಗೊಳ್ಳಂಗಿಲ್ರಿ’. ಬಿಲ್ಲಿನ ಕೆಳಗೆ ಅದನ್ನು ಅಚ್ಚು ಹಾಕಿಸಿದ್ದರೂ ದೋಷವಿರುವ ಮಾಲಿಗೆ ಅದು ನಡೆಯುವುದಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆದರೆ ಬಣ್ಣ ಮನೆಯವರಿಗೆ ಹಿಡಿಸಲಿಲ್ಲ, ಮನೆಗೆ ಬಂದ ಮೇಲೆ ಬಿಗಿ ಅನಿಸಿತು ಎಂಬುದು ದೋಷವಲ್ಲ. ಅಲ್ಲಿ ಬದಲಿಸಿ ಕೊಟ್ಟರೆ ಅದು ಅಂಗಡಿಯವರ ಸೌಜನ್ಯ.

ಎರಡನೆಯ ಮಾತು ಮೆತ್ತಗಿದೆ, ನನಗೆ ಅದರದೇ ಹೆಚ್ಚು ಭಯ. ‘ಕಂಪನಿಗೆ ಕಳಸ್ತೀವ್ರಿ, ಎಂಟ್ ದಿನ ಬಿಟ್ ಬರ್ರಿ.’ ಎಂಟು ದಿನ ಹದಿನೈದಾಗುತ್ತದೆ, ಆಮೇಲೆ ಹಬ್ಬ ಬರುತ್ತದೆ. ಬೂಟು ಅವರ ಹತ್ತಿರ, ನಮ್ಮ ಕೈಯಲ್ಲಿ ಏನೂ ಇಲ್ಲ. ಅದಕ್ಕೇ ಬೂಟು ಕೊಡುವ ಮೊದಲು ಬಿಲ್ಲಿನ ಜೆರಾಕ್ಸ್ ಮೇಲೆ ‘ಎಡಗಾಲಿನ ಸೋಲ್ ಬಿಟ್ಟಿದೆ, ಇಂಥ ದಿನ ಪಡೆದಿದ್ದೇವೆ’ ಎಂದು ಬರೆಸಿ, ಸಹಿ, ಸಿಕ್ಕಾ ಹಾಕಿಸಿಕೊಳ್ಳಬೇಕು. ‘ಅದ್ಯಾಕ್ರಿ, ನಮ್ ಮ್ಯಾಲ ನಂಬಿಗಿ ಇಲ್ಲೇನ್ರಿ?’ ಅಂದರು ನಮ್ಮ ಅಂಗಡಿಯವರು. ‘ಐತ್ರೀ ಅಣ್ಣಾರ, ನನಗ ನೆನಪ ಉಳಿಯಂಗಿಲ್ಲ’ ಅಂದೆ. ನಕ್ಕು ಬರೆದುಕೊಟ್ಟರು. ಮೂರನೆಯ ಸಲ ಹೋದಾಗ ಕ್ರೆಡಿಟ್ ನೋಟ್ ಮುಂದೆ ಮಾಡಿದರು. ಹಣವೇ ಬೇಕೆಂದು ಕೂತೆ, ಬಂತು.

ಬಾರದಿದ್ದರೆ 1915ಕ್ಕೆ ಕರೆ ಮಾಡಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ದೂರು ತೆಗೆದುಕೊಳ್ಳುತ್ತಾರೆ. ಅವರು ತೀರ್ಪು ಕೊಡುವವರಲ್ಲ, ನಡುವೆ ನಿಂತು ಕೇಳುವವರು. ಜೊತೆಗೆ ಅಂಗಡಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿ, ರಸೀದಿ ಇಟ್ಟುಕೊಳ್ಳಿ. ಅದರಲ್ಲಿ ಕೊಂಡ ದಿನ, ಬೆಲೆ, ದೋಷ, ಇಷ್ಟು ದಿನದೊಳಗೆ ಹಣ ಬೇಕು ಎಂಬುದಿದ್ದರೆ ಸಾಕು, ಬೈಗುಳ ಬೇಡ.

ಕೊನೆಯ ಬಾಗಿಲು ಧಾರವಾಡದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹುಬ್ಬಳ್ಳಿಯವರೂ ಅಲ್ಲಿಗೇ ಹೋಗಬೇಕು. ಬೂಟನ್ನು ಬೆಂಗಳೂರಿನಲ್ಲಿ ಅಥವಾ ಆನ್‌ಲೈನಿನಲ್ಲಿ ಕೊಂಡಿದ್ದರೂ ನೀವು ಈ ಜಿಲ್ಲೆಯಲ್ಲಿ ವಾಸವಿದ್ದರೆ ದೂರು ಇಲ್ಲೇ ಕೊಡಬಹುದು. 1986ರ ಹಳೇ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಗಡುವು 2 ವರ್ಷ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ. ದೋಷ ಕಣ್ಣಿಗೆ ಕಾಣದಂಥದ್ದಾದರೆ ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಅದರ ಖರ್ಚನ್ನು ದೂರುದಾರರೇ ಮೊದಲು ಕಟ್ಟಬೇಕಾಗಬಹುದು. ತೀರ್ಪಿಗೆ ಕಾಯ್ದೆ ಹೇಳುವ ಅವಧಿ 3 ತಿಂಗಳು, ಪರೀಕ್ಷೆ ಇದ್ದರೆ 5. ನಿಜದಲ್ಲಿ ತಾರೀಖಿನ ಮೇಲೆ ತಾರೀಖು ಬೀಳುವುದೂ ಉಂಟು. ಮುನ್ನೂರು ರೂಪಾಯಿಯ ಚಪ್ಪಲಿಗಾಗಿ ಅಲ್ಲಿಗೆ ಹೋಗಿ ಎಂದು ನಾನಂತೂ ಹೇಳೆನು.

ಇನ್ನೊಂದು ಮಾತು ಉಳಿಯಿತು. ಪಿಯು (ಪಾಲಿಯುರಿಥೇನ್) ಸೋಲಿನ ಬೂಟನ್ನು ಹಾಕಿಕೊಳ್ಳದೆ ಇಟ್ಟರೂ ಸೋಲ್ ಗಾಳಿಯ ತೇವ ಹೀರಿ ವರ್ಷಗಳಲ್ಲಿ ಪುಡಿಯಾಗಬಹುದು. ಡಬ್ಬಿಯ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಈ ಸಲ ಕೊಳ್ಳುವಾಗ ಡಬ್ಬಿ ತಿರುಗಿಸಿ ಓದಿದೆ. ಮೂರು ವರ್ಷದ ಹಿಂದಿನ ಮಾಲು. ‘ಹೊಸಾದು ಐತೇನ್ರಿ?’ ಎಂದು ಕೇಳಿದೆ. ಹುಡುಗ ಏಣಿ ಹತ್ತಿದ.