ಓರೆ ಪೈಪಿನ ಪಾಠ

ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರೇಲರ್ ಸಲೀಸಾಗಿ ವೆಲ್ಡ್ ಮಾಡುವ ಕೈಗೂ ಪೈಪು ಸುಲಭಕ್ಕೆ ಬಗ್ಗುವುದಿಲ್ಲ. ಪ್ಲೇಟಿನಲ್ಲಿ ಜಾಯಿಂಟ್ ನೇರ ಸಾಗುತ್ತದೆ, ಪೈಪಿನಲ್ಲಿ ಸುತ್ತು ಹೊಡೆಯುತ್ತದೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಬಾಯ್ಲರ್ ಇರಲಿ, ಮಂಗಳೂರಿನ ತೈಲ ಶುದ್ಧೀಕರಣಾಗಾರ ಇರಲಿ, ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಅನಿಲ ಕೊಳವೆ ಇರಲಿ, ಅಲ್ಲೆಲ್ಲ ಒತ್ತಡವನ್ನು ತಡೆದು ನಿಂತಿರುವುದು ಇಂಥ ಜಾಯಿಂಟ್‌ಗಳೇ.

ಪೈಪನ್ನು ಇಟ್ಟಿರುವ ರೀತಿಗೆ ತಕ್ಕಂತೆ ಕೆಲಸಕ್ಕೆ ನಂಬರುಗಳಿವೆ. ಮಲಗಿಸಿದ ಪೈಪನ್ನು ಉರುಳಿಸುತ್ತ ಮೇಲ್ಭಾಗದಲ್ಲೇ ವೆಲ್ಡ್ ಮಾಡಿದರೆ 1ಜಿ. ಪೈಪು ನೆಟ್ಟಗೆ ನಿಂತು ಜಾಯಿಂಟ್ ಅಡ್ಡಲಾಗಿ ಸುತ್ತಿದರೆ 2ಜಿ. ಮಲಗಿದ ಪೈಪನ್ನು ತಿರುಗಿಸುವಂತಿಲ್ಲ ಎಂದರೆ 5ಜಿ. 45 ಡಿಗ್ರಿ ಓರೆಯಾಗಿ ಬಿಗಿದ ಪೈಪು 6ಜಿ. ನಡುವಿನ 3 ಮತ್ತು 4 ಪ್ಲೇಟಿಗೆ ಸೇರಿದವು.

ಅಭ್ಯಾಸ ಶುರುವಾಗುವುದು ಗ್ರೈಂಡರ್‌ನಿಂದ. ಎರಡು ತುಂಡುಗಳ ಅಂಚನ್ನು ಓರೆಯಾಗಿ ಉಜ್ಜಿ, ಎದುರುಬದುರು ಹಿಡಿದಾಗ ‘ವಿ’ ಆಕಾರ ಬರುವಂತೆ ಮಾಡಬೇಕು. ನಡುವೆ ಸುಮಾರು 3 ಮಿಲಿಮೀಟರ್ ಸಂದು ಬಿಡಬೇಕು. ಅದಕ್ಕೆ ಅಳತೆಗೋಲು ಬೇಡ. 3.15 ಮಿಲಿಮೀಟರ್ ರಾಡಿನ ಮೇಲಿನ ಲೇಪ ಉದುರಿಸಿ, ಒಳಗಿನ ತಂತಿಯನ್ನು ಬಗ್ಗಿಸಿ ಸಂದಿನಲ್ಲಿ ಕೂರಿಸಿದರೆ ಸಾಕು. ನಾಲ್ಕು ಕಡೆ ಹಿಡಿತಕ್ಕೆ ಪುಟ್ಟ ವೆಲ್ಡ್, ಅಂದರೆ ಟ್ಯಾಕ್ ಹಾಕಿ ತಂತಿ ಎಳೆದು, ಟ್ಯಾಕಿನ ತುದಿಗಳನ್ನು ತೆಳ್ಳಗೆ ಸವೆಸಬೇಕು. ಅವಸರದ ಹುಡುಗರು ಈ ಕೊನೆಯ ಕೆಲಸವನ್ನು ಬಿಟ್ಟುಬಿಡುತ್ತಾರೆ. ಆಮೇಲೆ ರೂಟ್, ಅಂದರೆ ಸಂದಿನ ತಳದ ಮೊದಲ ವೆಲ್ಡ್, ಸರಿಯಾಗಿ ಕೂಡದೆ ಉಳಿಯುವುದು ಹೆಚ್ಚಾಗಿ ಅದೇ ಜಾಗದಲ್ಲಿ.

5ಜಿಯಲ್ಲಿ ಪೈಪಿನ ಬಾಯಿಯನ್ನು ಗಡಿಯಾರವೆಂದುಕೊಂಡು, ಕೆಳಗಿನ 6 ಗಂಟೆಯಿಂದ ಮೇಲಿನ 12ಕ್ಕೆ ಹತ್ತಬೇಕು. ಶುರುವಿನಲ್ಲಿ ಕೂತು ತಲೆ ಎತ್ತಿ ನೋಡಬೇಕು, 3 ಗಂಟೆಯ ಹೊತ್ತಿಗೆ ಅರ್ಧ ಎದ್ದಿರಬೇಕು, ಕೊನೆಗೆ ನಿಂತು ಬಗ್ಗಬೇಕು. ರಾಡಿನ ಕೋನ ದಾರಿಯುದ್ದಕ್ಕೂ ಬದಲಾಗುತ್ತದೆ. ಕಣ್ಣು ಮಾತ್ರ ಕೀಹೋಲ್ ಬಿಟ್ಟು ಕದಲಬಾರದು. ಲೋಹ ಕರಗುವ ಕಡೆ, ಅದರ ಮುಂದೆ ತೆರೆದುಕೊಳ್ಳುವ ಪುಟ್ಟ ತೂತು ಅದು. ತೂತು ಮುಚ್ಚಿದರೆ ಒಳಬದಿ ಕೂಡಿಲ್ಲ ಎಂದರ್ಥ. ಅಗಲವಾದರೆ ಶಾಖ ಮಿತಿಮೀರಿದೆ. ಆಗ ಮೇಲ್ಭಾಗದಲ್ಲಿ ಲೋಹ ಪೈಪಿನೊಳಗೆ ಜೋತು ಬೀಳುತ್ತದೆ, ಕೆಳಭಾಗದಲ್ಲಿ ಹೊರಕ್ಕೆ ಜಗ್ಗಿ ಒಳಮೈಯಲ್ಲಿ ತಗ್ಗು ಬಿಡುತ್ತದೆ. ರೂಟ್ ಆದ ಮೇಲೆ ಸ್ಲ್ಯಾಗ್ ತೆಗೆದು ಒಂದರ ಮೇಲೊಂದು ಪದರ: ಹಾಟ್ ಪಾಸ್, ಫಿಲ್ಲಿಂಗ್, ಕ್ಯಾಪಿಂಗ್. ಹೊರಗೆ ಕಾಣುವ ಕ್ಯಾಪಿಂಗ್‌ನ ಅಂದಕ್ಕೆ ಮರುಳಾಗುವವರೇ ಹೆಚ್ಚು. ನನ್ನ ಮಟ್ಟಿಗೆ ವೆಲ್ಡರ್‌ನ ಯೋಗ್ಯತೆ ತಿಳಿಯುವುದು ಪೈಪಿನೊಳಗೆ ಟಾರ್ಚ್ ಹಿಡಿದಾಗ.

6ಜಿಯಲ್ಲಿ 2ಜಿ, 5ಜಿಯ ಕಷ್ಟಗಳೆರಡೂ ಒಟ್ಟಿಗೆ ಬರುತ್ತವೆ. ಜಾಯಿಂಟ್ ಓರೆ, ಕರಗಿದ ಲೋಹವೋ ಎಳೆಪಾಕದಂತೆ ಕೆಳಗಿನ ಅಂಚಿಗೆ ಜಾರುತ್ತದೆ, ಮೇಲಿನ ಅಂಚು ಬರಿದಾಗಿ ಅಂಡರ್‌ಕಟ್ ಎಂಬ ತೋಡು ಬೀಳುತ್ತದೆ. ಹಾಗಾಗಿ ಪೈಪು ಎಷ್ಟೇ ಓರೆಯಿದ್ದರೂ ಕೈಯಾಟವನ್ನು ನೆಲಕ್ಕೆ ಸಮನಾಗಿಟ್ಟು, ಮೇಲಿನ ಅಂಚಿನಲ್ಲಿ ಒಂದು ಕ್ಷಣ ಹೆಚ್ಚು ನಿಲ್ಲಿಸಬೇಕು. ಇದು ಬಾಯಿಮಾತಿನಲ್ಲಿ ಹೇಳಿ ಕಲಿಸುವಂಥದ್ದಲ್ಲ, ರಾಡು ಸುಟ್ಟೇ ಕಲಿಯಬೇಕು. ಬಾಯ್ಲರ್ ರಿಪೇರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಟ್ಯೂಬುಗಳು ಒತ್ತಾಗಿದ್ದು ಹಿಂಬದಿ ಕಾಣದ ಕಡೆ, ಕನ್ನಡಿಯೊಳಗೆ ನೋಡುತ್ತ ವೆಲ್ಡ್ ಮಾಡುವವರಿದ್ದಾರೆ.

ಪರೀಕ್ಷೆಯಲ್ಲಿ ಜಾಯಿಂಟ್‌ನಿಂದ ಪಟ್ಟಿಗಳನ್ನು ಕತ್ತರಿಸಿ ‘ಯು’ ಆಕಾರಕ್ಕೆ ಬಗ್ಗಿಸುತ್ತಾರೆ. ಅಮೆರಿಕದ ಎಎಸ್‌ಎಂಇ ನಿಯಮದ ಪ್ರಕಾರ 3 ಮಿಲಿಮೀಟರ್ ಮೀರಿದ ಬಿರುಕು ಕಂಡರೆ ಫೇಲ್. ಬಗ್ಗಿಸುವ ಬದಲು ಎಕ್ಸ್‌ರೇ ತೆಗೆಯುವುದೂ ಉಂಟು. 6ಜಿ ಪಾಸಾದವರು ಪೈಪಿನ ಉಳಿದ ಭಂಗಿಗಳಲ್ಲೂ ಕೆಲಸ ಮಾಡಬಹುದು. ಗಲ್ಫ್ ಕೆಲಸದ ಟ್ರೇಡ್ ಟೆಸ್ಟ್‌ಗಳಲ್ಲಿ ಇದಕ್ಕೆ ಬೆಲೆ ಬಂದಿರುವುದು ಅದರಿಂದಲೇ. ನಮ್ಮ ದೇಶದಲ್ಲಿ ಬಾಯ್ಲರ್ ಮುಟ್ಟಬೇಕಾದರೆ 1950ರ ಭಾರತೀಯ ಬಾಯ್ಲರ್ ನಿಯಮಗಳ ಪ್ರಕಾರ ಪ್ರಮಾಣಪತ್ರವೂ ಬೇಕು. ಎಎಸ್‌ಎಂಇ ನಿಯಮದಲ್ಲಿ ಇನ್ನೊಂದು ಮಾತಿದೆ: ಪರೀಕ್ಷೆ ಪಾಸಾದ ವಿಧಾನದಲ್ಲಿ ಆರು ತಿಂಗಳು ವೆಲ್ಡಿಂಗ್ ಮಾಡದಿದ್ದರೆ ಅರ್ಹತೆ ರದ್ದಾಗುತ್ತದೆ.

ಐಟಿಐ ಮುಗಿಸಿದ ಹುಡುಗರು ನೇರವಾಗಿ 6ಜಿಗೆ ಧುಮುಕುವುದನ್ನು ನಾನು ಒಪ್ಪುವುದಿಲ್ಲ. 5ಜಿಯ ಕೆಳಭಾಗದ ರೂಟ್ ಕೈಗೆ ಕೂರುವ ತನಕ ಓರೆ ಪೈಪಿನ ಗೊಡವೆ ಬೇಡ. ಖಾಸಗಿ ಕೇಂದ್ರಕ್ಕೆ ಫೀಸು ಕಟ್ಟುವ ಮುಂಚೆ ತಂದೆತಾಯಿ ಕೇಳಬೇಕಾದ ಪ್ರಶ್ನೆ ಎರಡೇ: ನಮ್ಮ ಹುಡುಗನ ಕೈಗೆ ದಿನಕ್ಕೆ ಎಷ್ಟು ರಾಡು ಕೊಡುತ್ತೀರಿ? ಅವನು ಮಾಡಿದ ಜಾಯಿಂಟನ್ನು ಕತ್ತರಿಸಿ, ಬಗ್ಗಿಸಿ ಅವನಿಗೇ ತೋರಿಸುತ್ತೀರಾ?