ಅಪರೂಪವಾದದ್ದೆಲ್ಲ ಬೆಲೆಬಾಳುವುದಿಲ್ಲ

ಮಹಾಲಕ್ಷ್ಮಿ ಲೇಔಟ್, ಕುರುಬರಹಳ್ಳಿ, ರಾಜಾಜಿನಗರದ ಹಳೆಯ ಮನೆಗಳಲ್ಲಿ ತಂದೆಯ ಕಾಲದ ಜಾವಾ, ಯೆಜ್ಡಿ ಅಥವಾ ಯಮಹಾ ಬೈಕನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ‘ಇಂಥದ್ದು ಈಗ ಎಲ್ಲೂ ಸಿಗುವುದಿಲ್ಲ, ಆದ್ದರಿಂದ ಲಕ್ಷಗಟ್ಟಲೆ ಬಾಳುತ್ತದೆ’ ಎಂಬ ನಂಬಿಕೆ ಅವರಲ್ಲಿ ಹಲವರದು. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಅಪರೂಪ ಎಂಬ ಗುಣ ಇರುವ ಬೆಲೆಯನ್ನು ಏರಿಸಬಲ್ಲದು; ಇಲ್ಲದ ಬೆಲೆಯನ್ನು ಹುಟ್ಟಿಸಲಾರದು. ಬೆಲೆ ಹುಟ್ಟುವುದು ಜನ ಆಸೆಪಟ್ಟ ಎಂಜಿನ್‌ನಿಂದ, ಮತ್ತು ಆ ಎಂಜಿನ್ ಆ ಗಾಡಿಯದೇ ಎಂಬ ಖಾತರಿಯಿಂದ.

ಇದಕ್ಕೆ ನಮ್ಮ ದೇಶದಲ್ಲಿ ಸಿಗುವ ಸ್ಪಷ್ಟ ನಿದರ್ಶನ ರಾಜದೂತ್ 350. ಯಮಹಾದ ಆರ್‌ಡಿ 350 ಬೈಕನ್ನು ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ಈ ಹೆಸರಿನಲ್ಲಿ ಇಲ್ಲಿ ತಯಾರಿಸತೊಡಗಿತು. 347 ಸಿಸಿ, ಎರಡು ಸಿಲಿಂಡರ್, ಆರು ಗೇರ್. ನೂರು ಸಿಸಿ ಬೈಕುಗಳು ಆಗಷ್ಟೇ ಕಣ್ಣುಬಿಡುತ್ತಿದ್ದ ರಸ್ತೆಯಲ್ಲಿ ಅದರ ಓಟಕ್ಕೆ ಸಾಟಿ ಇರಲಿಲ್ಲ. ಆದರೆ ಬೆಲೆ ಹೆಚ್ಚು, ಪೆಟ್ರೋಲ್ ದಾಹ ಇನ್ನೂ ಹೆಚ್ಚು. ಮಾರಾಟ ಸೊರಗಿ, ಆ ದಶಕ ಮುಗಿಯುವ ಹೊತ್ತಿಗೆ ತಯಾರಿಕೆಯೂ ನಿಂತಿತು. ಅಂದು ಕೊಳ್ಳುವವರು ಕಡಿಮೆ ಇದ್ದುದರಿಂದಲೇ ಇಂದು ಉಳಿದಿರುವ ಗಾಡಿಗಳೂ ಕಡಿಮೆ. ಆದರೂ ಎಲ್ಲ ರಾಜದೂತ್ 350ಕ್ಕೂ ಒಂದೇ ಬೆಲೆಯಿಲ್ಲ. ಮೊದಲು ಬಂದ ‘ಹೈ ಟಾರ್ಕ್’ ಮಾದರಿಯ ಶಕ್ತಿ ಸುಮಾರು 30 ಬಿಎಚ್‌ಪಿ. ಮೈಲೇಜ್ ಸುಧಾರಿಸಲೆಂದು ಆಮೇಲೆ ತಂದ ‘ಲೋ ಟಾರ್ಕ್’ ಮಾದರಿಯದು ಸುಮಾರು 27. ಬಣ್ಣ ಬಳಿದು ನಿಲ್ಲಿಸಿದರೆ ಎರಡರ ನಡುವಿನ ವ್ಯತ್ಯಾಸ ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ. ಬಲ್ಲವರು ಮಾತ್ರ ಮೊದಲು ವಿಚಾರಿಸುವುದು ‘ಎಚ್‌ಟಿನಾ, ಎಲ್‌ಟಿನಾ?’ ಎಂದೇ.

ಅಮೆರಿಕದ ಮಸಲ್ ಕಾರುಗಳ ಲೋಕದಲ್ಲಿ ಈ ಲೆಕ್ಕ ಇನ್ನೂ ದೊಡ್ಡದು. 1970ರ ಆಸುಪಾಸಿನ ಪ್ಲಿಮತ್ ಬ್ಯಾರಾಕುಡಾ ಕಾರನ್ನು ಸಾಧಾರಣ ಆರು ಸಿಲಿಂಡರ್ ಎಂಜಿನ್‌ನೊಂದಿಗೂ ಕೊಳ್ಳಬಹುದಿತ್ತು, 425 ಅಶ್ವಶಕ್ತಿಯ ‘ಹೆಮಿ’ ಎಂಜಿನ್‌ನೊಂದಿಗೂ ಕೊಳ್ಳಬಹುದಿತ್ತು. ಹೆಮಿಗೆ ಕೈತುಂಬ ಹೆಚ್ಚುವರಿ ಹಣ ತೆರಬೇಕಿತ್ತು, ವಿಮೆಯೂ ದುಬಾರಿ. ಹಾಗಾಗಿ 1971ರಲ್ಲಿ ಹೆಮಿ ಎಂಜಿನ್ ಇದ್ದ, ಮೇಲ್ಛಾವಣಿ ಮಡಚುವ, ಬ್ಯಾರಾಕುಡಾದ ‘ಕುಡಾ’ ಮಾದರಿಯ ಕಾರುಗಳು ತಯಾರಾದದ್ದು ಬರೀ 11. ಅವುಗಳಲ್ಲೊಂದು 2014ರಲ್ಲಿ ಸಿಯಾಟಲ್‌ನ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಅದೇ ಮೈಕಟ್ಟಿನ ಆರು ಸಿಲಿಂಡರ್ ಕಾರು ಆ ಮೊತ್ತದ ಹತ್ತಿರಕ್ಕೂ ಸುಳಿಯುವುದಿಲ್ಲ.

ಇಲ್ಲಿ ನ್ಯಾಯವಾದ ಆಕ್ಷೇಪವೊಂದು ಏಳುತ್ತದೆ: ಯಮಹಾ ಆರ್‌ಎಕ್ಸ್ 100 ಅಪರೂಪದ್ದೇನಲ್ಲ, 98 ಸಿಸಿಯ ಸಣ್ಣ ಗಾಡಿ, 1985ರಿಂದ 1996ರವರೆಗೆ ರಾಶಿರಾಶಿ ಮಾರಾಟವಾಯಿತು, ಹಾಗಿದ್ದೂ ಚೆನ್ನಾಗಿ ಉಳಿದ ಗಾಡಿಯ ಬೆಲೆ ಇಂದು ಲಕ್ಷ ರೂಪಾಯಿ ದಾಟುವುದೇಕೆ? ಈ ಆಕ್ಷೇಪವೇ ವಾದವನ್ನು ಗಟ್ಟಿಮಾಡುತ್ತದೆ. ಹಗುರ ಮೈಗೆ 11 ಬಿಎಚ್‌ಪಿಯ ಟೂ ಸ್ಟ್ರೋಕ್ ಎಂಜಿನ್ ಕೊಟ್ಟ ಪಿಕಪ್ಪನ್ನು ಒಂದು ತಲೆಮಾರು ಮರೆತಿಲ್ಲ, ಮತ್ತು ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಅಂಥ ಎಂಜಿನ್ ಮತ್ತೆ ಬರಲಿಲ್ಲ. ಎಂಜಿನ್‌ನ ಮೇಲಿನ ಆಸೆ ಇದ್ದರೆ ಅಪರೂಪದ ಹಂಗಿಲ್ಲದೆಯೂ ಬೆಲೆ ನಿಲ್ಲುತ್ತದೆ. ಮೈಸೂರಿನ ಯಾದವಗಿರಿಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ ಗಾಡಿಗಳ ಕಥೆಯೂ ಇದೇ. ಒಂದೇ ಸಿಲಿಂಡರ್, ವಾಲ್ವ್‌ಗಳ ರಗಳೆಯಿಲ್ಲ. ಪಿಸ್ಟನ್ ಸವೆದರೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೋ ಪೀಣ್ಯದಲ್ಲೋ ಬೋರ್ ಮಾಡಿಸಿ ಮತ್ತೆ ಓಡಿಸಬಹುದು. ಅದೇ ಕಾರ್ಖಾನೆಯ ಎರಡು ಸಿಲಿಂಡರಿನ ಯೆಜ್ಡಿ 350 ತಯಾರಾದದ್ದು ಕಡಿಮೆ, ಬಿಡಿಭಾಗ ಸಿಗುವುದು ಅದಕ್ಕಿಂತ ಕಡಿಮೆ. ಎಂಜಿನ್ ಸುಸ್ಥಿತಿಯಲ್ಲಿದ್ದರೆ ಅದರ ವಿರಳತೆ ವರ. ಕೆಟ್ಟು ನಿಂತಿದ್ದರೆ ಅದೇ ವಿರಳತೆ ಕೊಂಡವನ ತಲೆಗೆ ಭಾರ.

ಎಂಜಿನ್ ಒಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎನ್ನುವಂತೆಯೂ ಇಲ್ಲ. ‘ಬಾಬಿ’ ಸಿನಿಮಾ ಬಂದ ಮೇಲೆ ರಾಜದೂತ್ ಜಿಟಿಎಸ್ 175 ಎಂಬ ಪುಟ್ಟ ಬೈಕಿಗೆ ಆ ಚಿತ್ರದ ಹೆಸರೇ ಅಂಟಿಕೊಂಡಿತು. ಅದನ್ನು ಹುಡುಕುವವರು ಹುಡುಕುವುದು ನೆನಪನ್ನು, ವೇಗವನ್ನಲ್ಲ. ಆದರೆ ನೆನಪಿಗೆ ಬೆಲೆ ಕೊಡುವವನೂ ಅಸಲಿ ಗಾಡಿಯನ್ನೇ ಕೇಳುತ್ತಾನೆ. ಎಂಜಿನ್‌ನ ಮೇಲೆ ಪಂಚ್ ಆದ ನಂಬರ್, ಚಾಸಿ ನಂಬರ್, ಆರ್‌ಸಿ ಪುಸ್ತಕದಲ್ಲಿರುವ ನಂಬರ್ ಮೂರೂ ತಾಳೆಯಾಗದಿದ್ದರೆ ಹೊಳೆಯುವ ಕ್ರೋಮಿಯಂಗೂ ಹೊಸ ಪೇಂಟಿಗೂ ಅರ್ಥವಿಲ್ಲ. ಎಚ್‌ಟಿ ಗಾಡಿಯ ಚಾಸಿಗೆ ಎಲ್‌ಟಿ ಎಂಜಿನ್ ಕೂರಿಸಿದರೆ ಅದು ಓಡುವ ಗಾಡಿ ನಿಜ, ಸಂಗ್ರಹಯೋಗ್ಯ ಗಾಡಿಯಲ್ಲ.

ಕಾನೂನೂ ಇದೇ ದಾರಿ ಹಿಡಿದಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರದೆ ಗಾಡಿ ಮೂಲ ರೂಪದಲ್ಲೇ ಉಳಿದಿರಬೇಕು. ಮೈಸೂರಿನ ಮೊದಲ ದಶಕದ ಜಾವಾಗಳು ವಯಸ್ಸಿನ ಮಟ್ಟಿಗೆ ಈ ಗಡಿ ದಾಟಿವೆ. ಆದ್ದರಿಂದ ಹಳೇ ಬೈಕ್ ಇಟ್ಟುಕೊಂಡವರು ಖರ್ಚನ್ನು ಪೇಂಟಿನಿಂದ ಶುರುಮಾಡಬಾರದು. ಮೊದಲು ಆರ್‌ಸಿ ತೆಗೆದು ನಂಬರ್ ತಾಳೆ ನೋಡಬೇಕು, ನಂಬರ್ ಇರುವ ಹಳೇ ಕ್ರ್ಯಾಂಕ್‌ಕೇಸನ್ನು ಒಡೆದಿದ್ದರೂ ಗುಜರಿಗೆ ಹಾಕದೆ ರಿಪೇರಿ ಮಾಡಿಸಬೇಕು. ಬಣ್ಣ ನಾಳೆಯೂ ಸಿಗುತ್ತದೆ, ಬಿಡಿಭಾಗವನ್ನು ಲೇತ್‌ನಲ್ಲಿ ಮಾಡಿಸಬಹುದು. ಗಾಡಿಯ ಜೊತೆ ಹುಟ್ಟಿದ ಎಂಜಿನ್ ಮಾತ್ರ ಒಮ್ಮೆ ಕಳೆದರೆ ಎಷ್ಟು ದುಡ್ಡು ಸುರಿದರೂ ಮರಳಿ ಬರುವುದಿಲ್ಲ.